ಎತ್ತಿ ಕುಡಿಯುವವರ ಊರಿನಲ್ಲಿ ಬೇರಿಯಂ

ಆ ಶುಕ್ರವಾರ ಬೆಳಗ್ಗೆಯೂ ಎಂದಿನಂತೆ ಹನ್ನೆರಡು ರೊಟ್ಟಿ ಬಡಿದೆ. ಮನೆಯವರಿಗೆ ನಾಲ್ಕು, ಮಕ್ಕಳಿಬ್ಬರಿಗೆ ಎರಡೆರಡು, ಅತ್ತೆಯವರಿಗೆ ತೆಳ್ಳಗಿನವು ಎರಡು, ಉಳಿದೆರಡು ನನಗೆ. ಪುಂಡಿಪಲ್ಲೆ ಹಿಂದಿನ ದಿನದ್ದಿತ್ತು. ಅದು ಮರುದಿನವೇ ಹೆಚ್ಚು ರುಚಿ. ಒಲೆಕಟ್ಟೆ ಒರೆಸಿ, ಸೆರಗಿಗೆ ಪಿನ್ನು ಚುಚ್ಚುವಾಗ ಕಂಡಿತು, ಎಕ್ಸ್‌ರೇ ಕೋಣೆಯ ಬ್ಯಾಡ್ಜನ್ನು ಮತ್ತೆ ಮನೆಗೆ ತಂದುಬಿಟ್ಟಿದ್ದೇನೆ. ನಮ್ಮ ಮೈಮೇಲೆ ಎಷ್ಟು ಕಿರಣ ಬಿದ್ದಿದೆ ಎಂದು ಲೆಕ್ಕ ಇಡುವ ಆ ಪುಟ್ಟ ಬಿಲ್ಲೆ ಆಸ್ಪತ್ರೆಯ ಮೊಳೆಗೇ ತೂಗಬೇಕು. ಅದು ನಮ್ಮ ಸಾಸಿವೆ ಡಬ್ಬಿಯ ಪಕ್ಕ ಕುಳಿತಿತ್ತು. ಸಾಸಿವೆಯಿಂದ ಕಿರಣ ಬರುವುದಿಲ್ಲವೆಂದು ಸಮಾಧಾನ ಹೇಳಿಕೊಂಡು, ಛತ್ರಿ ಹಿಡಿದು ಹೊರಟೆ.

ಶಿಗ್ಗಾಂವಿಯ ಒಂದು ಆಸ್ಪತ್ರೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ಎಕ್ಸ್‌ರೇ ತೆಗೆದೆ. ಯಾರಾದರೂ ಏನು ಮಾಡುತ್ತೀರಿ ಎಂದು ಕೇಳಿದರೆ ಮಾತ್ರ 'ಮನೆಯಲ್ಲೇ ಇರುತ್ತೇನೆ' ಎಂದೇ ಬಾಯಿಗೆ ಬರುತ್ತಿತ್ತು. ಒಂಬತ್ತೂವರೆಯಿಂದ ಮಧ್ಯಾಹ್ನದವರೆಗಿನ ಕೆಲಸ, ಕೆಲವೊಮ್ಮೆ ಸಂಜೆಯವರೆಗೆ. ಅಡುಗೆಮನೆಯಿಂದ ಹೋಗಿ ಅಡುಗೆಮನೆಗೇ ಬರುವವಳು ನಾನು. ಈಗ ನಿವೃತ್ತಳಾಗಿ ಪೂರ್ತಿ ಮನೆಯವಳೇ ಆಗಿದ್ದೇನೆ. ನನ್ನ ಜಾಗಕ್ಕೆ ಬಂದಿರುವ ಹುಡುಗಿ ಮೊನ್ನೆ ಬಂದು, "ಅಕ್ಕಾರ, ಪುಸ್ತಕದಾಗ ಇಲ್ಲದ್ದು ಏನರ ಇದ್ರ ಬರದು ಕೊಡ್ರಿ" ಎಂದಳು. ಪುಸ್ತಕದಲ್ಲಿ ಇಲ್ಲದ್ದು ಎಂದರೆ ನನಗೆ ಮೊದಲು ನೆನಪಾಗುವುದು ಆ ಶುಕ್ರವಾರ, ದುಂಡಸಿಯ ಗಂಗವ್ವ.

ಶುಕ್ರವಾರ ನಮ್ಮಲ್ಲಿ ಬೇರಿಯಂ ದಿನ. ನುಂಗಲು ತ್ರಾಸಾಗುವವರು, ಹೊಟ್ಟೆ ಉರಿಯುವವರು, ತಿಂದದ್ದು ಎದೆಯಲ್ಲೇ ನಿಲ್ಲುತ್ತದೆ ಎನ್ನುವವರು ಬರುತ್ತಿದ್ದರು. ಅವರಿಗೆ ಕಲಸಿದ ಸುಣ್ಣದಂಥ ಬಿಳಿ ದ್ರಾವಣ ಕುಡಿಸಬೇಕು. ಅದು ಗಂಟಲಿನಿಂದ ಇಳಿಯುವಾಗ ಟಿ.ವಿ.ಯಂಥ ಪರದೆಯ ಮೇಲೆ ಅನ್ನನಾಳದ ಆಕಾರವೆಲ್ಲ ಕಾಣುತ್ತದೆ. ಬೇಕಾದಲ್ಲಿ ಚಿತ್ರ ಹಿಡಿಯುವುದು. ಇದಕ್ಕೆಂದೇ ಹುಬ್ಬಳ್ಳಿಯಿಂದ ನಮ್ಮ ದೊಡ್ಡ ಡಾಕ್ಟರರು ಶುಕ್ರವಾರಕ್ಕೊಮ್ಮೆ ಬಸ್ಸಿನಲ್ಲಿ ಬರುತ್ತಿದ್ದರು. ಅವರಿಗೆ ಕಾರಿತ್ತು, ಆದರೆ ಬಸ್ಸಿನಲ್ಲಿ ಪೇಪರು ಓದಲು ಆಗುತ್ತದೆಂದು ಬಸ್ಸು.

ಬೇರಿಯಂ ಕಲಸುವುದು ನನ್ನ ಕೆಲಸ. ಈಗ ಬಾಟಲಿಯಲ್ಲಿ ಸಿದ್ಧವಾಗಿಯೇ ಬರುತ್ತದೆ. ಆಗ ಪುಡಿ ಬರುತ್ತಿತ್ತು, ಎಷ್ಟು ತಿರುವಿದರೂ ಗಂಟು. ಮೊದಲ ವರ್ಷ ಚಮಚೆಯಲ್ಲಿ ತಿರುವಿ ತಿರುವಿ ಕೈ ಸೋತು, ಒಂದು ದಿನ ಮನೆಯ ಹಳೆಯ ಕಡಗೋಲನ್ನು ಬಿಸಿನೀರಿನಲ್ಲಿ ಕುದಿಸಿ ಒಯ್ದೆ. ಹತ್ತು ಸಲ ಕಡೆದರೆ ಸಾಕು, ಕೆನೆಯಂತಾಗುತ್ತಿತ್ತು. ನಮ್ಮ ಆಯಾ ಹಸೀನಾ ಅದನ್ನು ನೋಡಿ, "ಅಕ್ಕಾರ, ಬೆಣ್ಣಿ ಬಂದ್ರ ನಂಗೂ ಒಂದೀಟು" ಎಂದಳು. ಸವಣೂರಿನವಳು, ಬಾಯಿ ಸುಮ್ಮನಿರದವಳು. ದೊಡ್ಡ ಡಾಕ್ಟರರು ಕಡಗೋಲನ್ನು ಎತ್ತಿ ಹಿಂದೆ ಮುಂದೆ ನೋಡಿ, "ಇದಕ್ಕ ಇಂಗ್ಲೀಷಿನ್ಯಾಗ ಏನಂತಾರ್ರಿ ಕಾನ್ವೆಂಟ್ ಬಾಯಾರ?" ಎಂದು ಕೇಳಿ ಹಾಗೇ ಇಟ್ಟರು. ಸಿಸ್ಟರುಗಳ ಶಾಲೆಯಲ್ಲಿ ಕಲಿತವಳೆಂದು ಅವರು ನನ್ನನ್ನು ಕರೆಯುತ್ತಿದ್ದುದೇ ಹಾಗೆ. ಬಾಟಲಿಗಳಿಗೆಲ್ಲ ನಾನು ಸಾಲಾಗಿ, ದುಂಡು ಅಕ್ಷರದಲ್ಲಿ ಚೀಟಿ ಅಂಟಿಸುತ್ತಿದ್ದುದಕ್ಕೂ ಅವರು ನಗುತ್ತಿದ್ದರು.

ಈ ಬೇರಿಯಂನಿಂದ ಆದ ತಮಾಷೆಗಳನ್ನು ಹೇಳಲು ಕುಳಿತರೆ ಸಂಜೆಯಾದೀತು. ಹಿರೇಕೆರೂರ ಕಡೆಯ ಯಜಮಾನರೊಬ್ಬರು ಅರ್ಧ ಗ್ಲಾಸು ಕುಡಿದು, ಮೀಸೆ ಒರೆಸಿಕೊಂಡು, "ಮಜ್ಜಿಗಿ ಭಾಳ ಸಪ್ಪಗೈತ್ರಿ, ಒಂದೀಟು ಉಪ್ಪು ಹಾಕ್ರಲ್ಲ" ಎಂದು ಗ್ಲಾಸು ತಿರುಗಿ ಕೊಟ್ಟರು. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಎಷ್ಟು ಹೇಳಿ ಕಳಿಸಿದರೂ, ಹತ್ತಿಮತ್ತೂರಿನ ಒಬ್ಬರು "ಏನೂ ತಿಂದಿಲ್ರಿ, ಬರೇ ಚಹಾ" ಎಂದರು. ಪರದೆಯ ಮೇಲೆ ನೋಡಿದರೆ ಹೊಟ್ಟೆ ತುಂಬ ಏನೋ ಉಂಡೆ ಉಂಡೆ. ಡಾಕ್ಟರರು ಗದರಿದ ಮೇಲೆ, "ಚಹಾದ ಜೋಡಿ ನಾಕು ಇಡ್ಲಿ ಕೊಟ್ರು, ಒಲ್ಲೆ ಅಂದ್ರ ಬೀಗರು ಬ್ಯಾಸರ ಮಾಡ್ಕೋತಾರಂತ ತಿಂದ್ನಿ" ಎಂದರು. ಅದೇ ಮನುಷ್ಯ ಮರುದಿನ ಮುಂಜಾನೆ ಗಾಬರಿಯಾಗಿ ಓಡಿ ಬಂದರು. ಬೆಳಗಿನ ವಿಧಿ ಸುಣ್ಣದಂತೆ ಬೆಳ್ಳಗಿತ್ತಂತೆ. ಮೊದಲೇ ಹೇಳದೆ ಹೋದದ್ದು ನನ್ನ ತಪ್ಪು. ಅಂದಿನಿಂದ ಎಲ್ಲರಿಗೂ, "ನಾಳಿ, ನಾಡಿದ್ದು ಬೆಳ್ಳಗ ಹೋಗ್ತದ, ಅಂಜಬ್ಯಾಡ್ರಿ, ನೀರು ಭಾಳ ಕುಡೀರಿ" ಎಂದು ನಾಚಿಕೆ ಬಿಟ್ಟು ಹೇಳಿ ಕಳಿಸುತ್ತಿದ್ದೆ. ಅಷ್ಟು ನಾಚಿಕೆ ಬಿಡಲಿಕ್ಕೆ ನನಗೆ ಕೆಲಸಕ್ಕೆ ಸೇರಿ ಎರಡು ವರ್ಷ ಬೇಕಾಗಿತ್ತು.

ಬೇರಿಯಂ ಇಡುವ ಕಪಾಟಿನಲ್ಲೇ ಇನ್ನೊಂದು ಔಷಧಿ ಇತ್ತು, ಅಯೋಡಿನ್ ಇರುವ, ನೀರಿನಂತೆ ತೆಳ್ಳಗಿನ, ಕಹಿಯಾದದ್ದು. ಅನ್ನನಾಳದಲ್ಲೋ ಕರುಳಿನಲ್ಲೋ ತೂತಾಗಿದೆ ಎಂಬ ಸಂಶಯವಿದ್ದರೆ ಬೇರಿಯಂ ಕೊಡಬಾರದು. ಅದು ಹೊಟ್ಟೆಯೊಳಗೆ ಸೋರಿದರೆ ಅಪಾಯ. ಆಗ ಈ ತೆಳ್ಳನೆಯದು. ಆದರೆ ಕುಡಿದದ್ದು ಶ್ವಾಸಕೋಶಕ್ಕೆ ಇಳಿಯುವ ಭಯವಿದ್ದಲ್ಲಿ ಮಾತು ತಿರುವುಮುರುವು. ತೆಳ್ಳನೆಯದೇ ಹೆಚ್ಚು ಅಪಾಯ, ಗಟ್ಟಿ ಬೇರಿಯಂ ಸ್ವಲ್ಪ ಹೋದರೆ ತಡೆದುಕೊಳ್ಳಬಹುದು. ನೋಡಿದವರಿಗೆ ಇದು ಉಲ್ಟಾ ಅನಿಸುತ್ತದೆ. ಕಲಸಿದ ಸುಣ್ಣದಂಥದ್ದಕ್ಕಿಂತ ನೀರಿನಂಥದ್ದು ಒಳ್ಳೆಯದೆಂದೇ ಯಾರಿಗಾದರೂ ತೋರುತ್ತದೆ. ನನಗೂ ಹಾಗೇ ತೋರಿತ್ತು. ನಾಲ್ಕು ಸಲ ಕೇಳಿದರೂ ತಲೆಗೆ ಹೋಗದಿದ್ದಾಗ ದೊಡ್ಡ ಡಾಕ್ಟರರು ಪೇಪರು ಮಡಚಿಟ್ಟು ಕೇಳಿದರು:

"ಬಾಯಾರ, ಉಪ್ಪಿನಕಾಯಿ ಹಾಕಾಕ ಮಾವಿನಕಾಯಿ ಹೆಚ್ಚಿ ಉಪ್ಪು ಸವರಿ ಇಡ್ತೀರಿ. ಮರುದಿನ ಏನಾಗ್ತದ?"

"ನೀರು ಬಿಡ್ತದ್ರಿ."

"ಯಾರು ಜಗ್ಗಿದ್ರು ಆ ನೀರು?"

"ಉಪ್ಪು."

"ಹಾಂ. ಆ ತೆಳ್ಳನ ಔಷಧಿ ಆ ಉಪ್ಪಿನಂಗ. ಶ್ವಾಸಕೋಶದಾಗ ಹೋತಂದ್ರ ಮೈಯಾಗಿನ ನೀರನ್ನ ಅಲ್ಲಿಗೆ ಜಗ್ಗತದ. ಉಸಿರಾಡೋ ಜಾಗಾದಾಗ ನೀರು ನಿಂತ್ರ ಮನುಷ್ಯಾ ಹ್ಯಾಂಗ ಉಸಿರಾಡಬೇಕು? ಬೇರಿಯಂ ಸುಮ್ಮನ ಕುಂದರೋ ಮಣ್ಣು. ಅದನ್ನ ಕೆಮ್ಮಿ ಹೊರಗ ಹಾಕಬಹುದು. ಭಾಳ ಹೋದ್ರ ಅದೂ ತ್ರಾಸನ, ಆದ್ರ ನೀರು ಜಗ್ಗಂಗಿಲ್ಲ."

ಮಾವಿನಕಾಯಿ ಹೋಳಿನಿಂದ ಕಲಿತದ್ದು ಮರೆಯುವುದುಂಟೆ? ಆ ಬಾಟಲಿಗೆ ಕೆಂಪು ಶಾಯಿಯ ಚೀಟಿ ಅಂಟಿಸಿ, 'ಕೆಮ್ಮುವವರಿಗೆ ಬೇಡ' ಎಂದು ಬರೆದು, ಬೇರೆ ಖಾನೆಯಲ್ಲಿಟ್ಟು, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ. ಹತ್ತು ಗಂಟೆಯಾದರೂ ದೊಡ್ಡ ಡಾಕ್ಟರರ ಬಸ್ಸು ಬಂದಿರಲಿಲ್ಲ. ಹೆದ್ದಾರಿಯಲ್ಲಿ ಎಲ್ಲೋ ಟೈರು ಕೈಕೊಟ್ಟಿದೆ ಎಂದು ಫೋನು ಬಂತು. ಆಸ್ಪತ್ರೆಗೆ ಹೊಸದಾಗಿ ಸೇರಿದ್ದ ಡಾ. ಪ್ರಶಾಂತ, "ನಾನ ಶುರು ಮಾಡ್ತೇನಿ ಅಕ್ಕಾರ, ಮಂದಿ ಹಸದು ಕುಂತಾರ" ಎಂದರು. ಒಳ್ಳೆಯ ಮನಸ್ಸಿನ ಹುಡುಗ. ಆದರೆ ಎಲ್ಲವೂ ಬೇಗ ಆಗಬೇಕು.

ಮೊದಲ ಹೆಸರು ಗಂಗವ್ವ. ಅರವತ್ತು ದಾಟಿದ ಹೆಣ್ಣುಮಗಳು, ಕಾಗದದಂತೆ ಬಿಳಚಿದ ಮುಖ, ಚಮಚೆಯಂತೆ ಒಳಬಾಗಿದ ಉಗುರು. ಸೊಸೆ ರೇಣುಕಾ ಕೈಹಿಡಿದು ಕರೆತಂದಿದ್ದಳು. ಆರು ತಿಂಗಳಿಂದ ರೊಟ್ಟಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಈಗ ಬರೀ ಅಂಬಲಿ, ಅದೂ ನಿಧಾನವಾಗಿ. ಮನೆಯಲ್ಲಿ ಎಲ್ಲರೂ ಒಂದೇ ರೋಗದ ಹೆಸರು ಯೋಚಿಸುತ್ತಿದ್ದರು, ಯಾರೂ ಬಾಯಿಬಿಟ್ಟು ಅನ್ನುತ್ತಿರಲಿಲ್ಲ. ರೇಣುಕಾ ನನ್ನನ್ನು ಬಾಗಿಲ ಹೊರಗೆ ಕರೆದು, "ಅಕ್ಕಾರ, ಅದ ಏನ್ರಿ? ಖರೇ ಹೇಳ್ರಿ" ಎಂದಳು. "ಚಿತ್ರ ಬರಲವ್ವಾ, ಆಮ್ಯಾಲೆ ನೋಡೂಣು" ಎಂದೆ.

"ನೀರು ಕುಡಿಯುವಾಗ ಕೆಮ್ಮು ಬರ್ತದೇನ್ರಿ ಗಂಗವ್ವಾರ?" ಎಂದು ಕೇಳಿದೆ.

"ಇಲ್ರೆವ್ವಾ. ಕೆಮ್ಮಿಲ್ಲ, ದಮ್ಮಿಲ್ಲ. ಗಂಟಲಾಗ ಯಾರೋ ಚಿಲಕ ಹಾಕ್ಯಾರ, ಅಷ್ಟ."

ಹಾಗಾದರೆ ಬೇರಿಯಂ ಸರಿ. ಯಂತ್ರದ ಹಲಗೆಯ ಮುಂದೆ ನಿಲ್ಲಿಸಿ, ಗ್ಲಾಸು ಕೈಗೆ ಕೊಟ್ಟು, ದಿನವೂ ಹೇಳುವ ಮಾತು ಹೇಳಿದೆ: "ಬಾಯಿ ಹಚ್ಚಿ ಕುಡೀರಿ, ಎತ್ತಿ ಕುಡೀಬ್ಯಾಡ್ರಿ." ಹೇಳಿ, ಕಿರಣ ತಡೆಯುವ ಸೀಸದ ಗಾಜಿನ ಹಿಂದೆ ಹೋಗಲು ಬೆನ್ನು ತಿರುಗಿಸಿದೆ. ಹೊಸದಾಗಿ ಕೆಲಸಕ್ಕೆ ಸೇರುವವರೇ, ನನ್ನ ಇಪ್ಪತ್ತೆಂಟು ವರ್ಷದ ದೊಡ್ಡ ತಪ್ಪು ಈ ಬೆನ್ನು ತಿರುಗಿಸಿದ್ದು. ದಿನವೂ ಹೇಳುವ ಮಾತನ್ನು ನಾವು ಹೇಳುತ್ತೇವೆ, ಆದರೆ ಕೇಳಿದರೋ ಇಲ್ಲವೋ ನೋಡುವುದಿಲ್ಲ.

ನಮ್ಮ ಕಡೆ ಮಂದಿಯ ಗ್ಲಾಸಿಗೆ ತುಟಿ ಹಚ್ಚುವುದಿಲ್ಲ. ಕತ್ತು ಹಿಂದೆ ಚೆಲ್ಲಿ, ಗೇಣೆತ್ತರದಿಂದ ಗಂಟಲಿಗೆ ನೀರು ಸುರಿದುಕೊಳ್ಳುವುದು. ಬಸ್ ನಿಲ್ದಾಣದಲ್ಲಿ, ಹೊಲದಲ್ಲಿ, ಮದುವೆಮನೆಯಲ್ಲಿ ಎಲ್ಲರೂ ಒಂದು ಹನಿ ಚೆಲ್ಲದೆ ಹಾಗೇ ಕುಡಿಯುತ್ತಾರೆ. ನೀರಿಗೆ ಅದು ನಡೆಯುತ್ತದೆ. ಬೇರಿಯಂ ಹಾಗಲ್ಲ. ಅದು ಭಾರ, ತಡೆದು ತಡೆದು ಒಮ್ಮೆಲೇ ಗುಡ್ಡೆಯಾಗಿ ಬೀಳುತ್ತದೆ. ಕತ್ತು ಹಿಂದೆ ಬಾಗಿದಾಗ ಉಸಿರಿನ ದಾರಿ ಅಗಲವಾಗಿ ತೆರೆದಿರುತ್ತದೆ. ಅದರ ಮೇಲೆ ಗಂಗವ್ವನ ಅನ್ನದ ದಾರಿಗೆ ಚಿಲಕ ಬಿದ್ದಿತ್ತು.

ನಾನು ಗಾಜಿನ ಹಿಂದೆ ಹೋಗಿ ತಿರುಗಿ ನೋಡುವಷ್ಟರಲ್ಲಿ ಗ್ಲಾಸು ಮೇಲೆದ್ದಿತ್ತು. ಪರದೆಯ ಮೇಲೆ ಬಿಳಿ ಧಾರೆ ಇಳಿಯಿತು, ಗಂಟಲಲ್ಲಿ ಒಂದು ಕ್ಷಣ ನಿಂತಿತು, ಎರಡಾಗಿ ಒಡೆಯಿತು. ಒಂದು ಹಿಂದೆ ಇಳಿಯಿತು. ಇನ್ನೊಂದು ಮುಂದೆ.

ಮುಂದಿನದು ಶ್ವಾಸದ ದಾರಿ.

ಗಂಗವ್ವ ಕೆಮ್ಮತೊಡಗಿದರು. ಹಸೀನಾ ನನಗಿಂತ ಮೊದಲು ಓಡಿದಳು. ಗ್ಲಾಸು ಕಸಿದುಕೊಂಡು, ಅವರನ್ನು ಸ್ಟೂಲಿನ ಮೇಲೆ ಕೂರಿಸಿ, "ಮುಂದ ಬಗ್ಗ ಯಜ್ಜಿ, ಬಗ್ಗಿ ಕೆಮ್ಮ, ನಾಚಬ್ಯಾಡ, ನನ್ನ ಸೀರಿ ಮ್ಯಾಲೆ ಕೆಮ್ಮ" ಎಂದು ಬೆನ್ನು ಹಿಡಿದಳು. ಅವಳ ನೀಲಿ ಸೀರೆಯ ಮೇಲೆ ಬಿಳಿ ಚುಕ್ಕೆಗಳು ಬಿದ್ದವು. ನಾನು ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ಪು ಹಾಕಿದೆ. ಅಂಕಿ ಇಳಿಯಿತು, ತಡೆಯಿತು, ಸ್ವಲ್ಪ ಏರಿತು.

ಐದು ನಿಮಿಷಕ್ಕೆ ಕೆಮ್ಮು ನಿಂತಿತು. ಡಾ. ಪ್ರಶಾಂತ ಹಣೆ ಒರೆಸಿಕೊಂಡರು. "ಆತಲ್ಲ, ಬೇರಿಯಂ ಗಟ್ಟಿ ಐತಿ, ಅದಕ್ಕ ಹಿಂಗಾತು. ಆ ಕೆಂಪು ಚೀಟಿ ಬಾಟ್ಲಿದು ತೆಳ್ಳಗೈತಿ, ಸಳಕ್ಕನ ಇಳೀತದ. ಅದನ್ನ ಕೊಡ್ರಿ, ಕುಡಿಸಿ ಮುಗಿಸಿಬಿಡೂಣು. ಪಾಪ, ಮತ್ತೊಮ್ಮೆ ದುಂಡಸಿಯಿಂದ ಬರೂದು ಯಾಕ?"

ನಾನು ಡಾಕ್ಟರರಿಗೆ ಅಲ್ಲಿಯವರೆಗೆ ಎಂದೂ ಇಲ್ಲ ಎಂದವಳಲ್ಲ. ಸಿಸ್ಟರುಗಳು ನಮಗೆ ಕಲಿಸಿದ್ದೇ 'ಆಗಲಿ', 'ದಯವಿಟ್ಟು', 'ಕ್ಷಮಿಸಿ'. ಆದರೆ ಕಣ್ಣಿಗೆ ಮಾವಿನಕಾಯಿ ಹೋಳು ಕಂಡವು, ತಟ್ಟೆಯ ತುಂಬ ಬಿಟ್ಟ ನೀರು ಕಂಡಿತು.

"ಬ್ಯಾಡ್ರಿ ಡಾಕ್ಟರ. ಈಗಷ್ಟ ಶ್ವಾಸದಾಗ ಹೋಗ್ಯಾದ. ಮತ್ತ ಹೋದ್ರ? ಅದು ನೀರು ಜಗ್ಗತದ್ರಿ."

"ಅಕ್ಕಾರ, ಡಾಕ್ಟರ್ ಯಾರು? ನೀವೋ, ನಾನೋ?"

"ನೀವ ರೀ. ಆದ್ರ ಕಪಾಟದ ಕೀಲಿ ನನ್ನ ಕಡೆ ಐತ್ರಿ."

ಎಷ್ಟು ಮೆಲ್ಲಗೆ ಹೇಳಿದೆನೆಂದರೆ, ಹೇಳಿದ್ದು ನಾನೇ ಹೌದೋ ಎಂದು ನನಗೇ ಸಂಶಯ. ಸೊಂಟದಲ್ಲಿದ್ದ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಡಾ. ಪ್ರಶಾಂತರ ಕಿವಿ ಕೆಂಪಾದವು. ಹಸೀನಾ ನಡುವೆ ಬಾಯಿ ಹಾಕಿದಳು: "ಸಾಹೇಬ್ರ, ದೊಡ್ಡ ಡಾಕ್ಟರ್ ಬರೂತನಕ ಯಜ್ಜಿ ದಮ್ಮು ತೊಗೋಳ್ಳಿ. ನೀವೂ ಒಂದ ಕಪ್ ಚಹಾ ತೊಗೋರಿ."

ಅರ್ಧ ಗಂಟೆಯಲ್ಲಿ ದೊಡ್ಡ ಡಾಕ್ಟರರು ಬಂದರು, ಕಂಕುಳಲ್ಲಿ ಪೇಪರು, ಕಾಲಲ್ಲಿ ಹೆದ್ದಾರಿಯ ಧೂಳು. ನಾನು ತಪ್ಪು ಯಾರ ಮೇಲೂ ಹಾಕದೆ, ಬೆನ್ನು ತಿರುಗಿಸಿದ್ದನ್ನೂ ಬಿಡದೆ, ಆದದ್ದನ್ನು ಆದಂತೆ ಹೇಳಿದೆ. ಡಾ. ಪ್ರಶಾಂತರೇ ಬಾಟಲಿಯ ಮಾತು ತೆಗೆದರು. ಅದು ಅವರ ದೊಡ್ಡತನ. "ನಾನು ಆ ತೆಳ್ಳಂದು ಕೊಡ್ರಿ ಅಂದೆ ಸರ್. ಅಕ್ಕಾರು ಕೀಲಿ ಕೊಡಲಿಲ್ಲ."

ದೊಡ್ಡ ಡಾಕ್ಟರರು ಗಂಗವ್ವನ ಎದೆಗೆ ಸ್ಟೆತಸ್ಕೋಪು ಹಚ್ಚಿ ಬಹಳ ಹೊತ್ತು ಕೇಳಿದರು. ಆಮೇಲೆ ಕಿರಿಯರ ಕಡೆ ತಿರುಗಿ, "ಪ್ರಶಾಂತ, ನಿಮ್ಮ ಅವ್ವಾರು ಉಪ್ಪಿನಕಾಯಿ ಹಾಕ್ತಾರೇನು?" ಎಂದು ಕೇಳಿದರು. ಮುಂದಿನ ಪಾಠ ನನಗೆ ಬಾಯಿಪಾಠವಿತ್ತು. ನಾನು ಎದೆಯ ಎಕ್ಸ್‌ರೇ ತೆಗೆಯಲು ಹೋದೆ.

ಆ ಚಿತ್ರವನ್ನು ನಾನು ಇನ್ನೂ ಮರೆತಿಲ್ಲ. ಬಲಗಡೆಯ ಶ್ವಾಸಕೋಶದಲ್ಲಿ, ಕೆಳಮುಖವಾಗಿ, ಬಿಳಿ ಗೆರೆಯ ಒಂದು ಗಿಡ. ಕಾಂಡ, ಕೊಂಬೆ, ಕೊಂಬೆಗೆ ಕವಲು. ಯಾರೋ ರಂಗೋಲಿ ಪುಡಿಯಿಂದ ಎಳೆದಂತೆ ಸ್ವಚ್ಛ. ಇಷ್ಟು ಚೆಂದದ್ದು ಇಷ್ಟು ಭಯ ಹುಟ್ಟಿಸಬಹುದೆಂದು ನನಗೆ ಗೊತ್ತಿರಲಿಲ್ಲ. ಡಾಕ್ಟರರು ಅದನ್ನು ಬೆಳಕಿಗೆ ಹಿಡಿದು, "ನಾವು ಕಲಿಯೂ ಮುಂದ ಇದನ್ನ ಬೇಕಂತ ಮಾಡ್ತಿದ್ವಿ. ಮೂಗಿನ್ಯಾಗಿಂದ ನಳಿಕಿ ಹಾಕಿ, ಎಣ್ಣಿಯಂಥಾ ಅಯೋಡಿನ್ ಔಷಧಿ ಶ್ವಾಸಕೋಶಕ್ಕ ಬಿಟ್ಟು, ಇಂಥಾದ್ದ ಗಿಡದ ಚಿತ್ರ ತಗೀತಿದ್ವಿ. ಪೇಷಂಟ್ ಕೆಮ್ಮಿ ಕೆಮ್ಮಿ ಸುಸ್ತು. ಸಿ.ಟಿ. ಸ್ಕ್ಯಾನ್ ಬಂತು, ಅದು ಬಿಟ್ಟು ಹೋತು. ಪುಣ್ಯಾ" ಎಂದರು. ಆಮೇಲೆ ದನಿ ತಗ್ಗಿಸಿ, "ಕೊಂಬಿತನಕ ಅಷ್ಟ ಹೋಗ್ಯಾದ, ಎಲಿತನಕ ಹೋಗಿಲ್ಲ. ಕೆಮ್ಮಿದ್ರ ಬರ್ತದ. ಜ್ವರ ಬರ್ತದೇನು ನೋಡಬೇಕು. ಇಲ್ಲೇ ಇಟ್ಕೋರಿ" ಎಂದರು.

ಮಧ್ಯಾಹ್ನವೆಲ್ಲ ಗಂಗವ್ವನ ಮಂಚದ ಪಕ್ಕವೇ ಇದ್ದೆ. ಗಂಟೆಗೊಮ್ಮೆ ಜ್ವರ ನೋಡುವುದು, ಬೆನ್ನು ತಟ್ಟುವುದು, ಕೆಮ್ಮಿಸುವುದು. ರೇಣುಕಾ ಒಂದು ಮೂಲೆಯಲ್ಲಿ ಮೊಣಕಾಲಿಗೆ ಗದ್ದ ಹಚ್ಚಿ ಕುಳಿತಿದ್ದಳು. ಅವಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಧೈರ್ಯವಾಗಿದ್ದವರು ಒಬ್ಬರೇ.

"ಯಾಕವ್ವಾ ಮಾರಿ ಸಣ್ಣದು ಮಾಡ್ಕೊಂಡೀ?" ಎಂದರು ಗಂಗವ್ವ ನನಗೆ. "ನನ್ನ ಎದಿಯಾಗ ಗಿಡ ಹಚ್ಚೀರಂತಲ್ಲ, ಆ ನೀಲಿ ಸೀರಿ ಹುಡುಗಿ ಹೇಳ್ತು. ಮಾವಿಂದೋ, ಬೇವಿಂದೋ?"

"ತಪ್ಪು ನಂದ ರೀ. ನಾನು ನಿಂತು ನೋಡಬೇಕಿತ್ತು. ಆದ್ರ ಬಾಯಿ ಹಚ್ಚಿ ಕುಡೀರಿ ಅಂತ ಹೇಳಿದ್ನಲ್ರಿ, ಯಾಕ ಎತ್ತಿ ಕುಡದ್ರಿ?"

ಅವರು ಹೊದಿಕೆ ಸರಿಮಾಡಿಕೊಂಡರು. "ಮಂದಿ ಗಿಲಾಸಕ್ಕ ಬಾಯಿ ಹಚ್ಚಾಕ ನಮಗ ಯಾರು ಬಿಟ್ಟಾರವ್ವಾ? ಸಣ್ಣಾಕಿದ್ದಾಗ ಕೂಲಿಗೆ ಹೋದಲ್ಲಿ ಬೊಗಸಿಗೆ ನೀರು ಹಾಕ್ತಿದ್ರು. ಆಮ್ಯಾಲೆ ಗಿಲಾಸು ಕೊಟ್ರು, ಎತ್ತಿ ಕುಡಿ ಅಂದ್ರು. ಈಗ ಯಾರೂ ಏನೂ ಅನ್ನಂಗಿಲ್ಲ ಖರೆ. ಆದ್ರ ಕೈ ತನ್ನಿಂತಾನ ಮ್ಯಾಲೆ ಹೋಗ್ತದ. ಮ್ಯಾಲಾಗಿ, ನನ್ನ ಎಂಜಲ ಗಿಲಾಸಿನ್ಯಾಗ ನನ್ನ ಹಿಂದ ಕುಂತಾಕಿ ಕುಡೀಬೇಕಲ್ಲ, ಆಕೀನೂ ಪಾಪ ರೋಗಿನ."

ನಾನು ಗ್ಲಾಸುಗಳನ್ನು ಕುದಿಯುವ ನೀರಿನಲ್ಲಿ ತೊಳೆಯುತ್ತೇವೆ ಎಂದೆ.

ನಾಲ್ಕು ಗಂಟೆಗೆ ಇನ್ನೊಂದು ಎಕ್ಸ್‌ರೇ ತೆಗೆದೆವು. ಗಿಡದ ಕೊಂಬೆಗಳೆಲ್ಲ ಹೋಗಿ ಅಲ್ಲಲ್ಲಿ ನಾಲ್ಕೈದು ಚುಕ್ಕೆ ಉಳಿದಿದ್ದವು. ಜ್ವರವಿಲ್ಲ, ಬೆರಳಿನ ಅಂಕಿ ನನ್ನ ಅಂಕಿಗಿಂತ ಚೆನ್ನಾಗಿತ್ತು, ಹಾಕಿಕೊಂಡು ನೋಡಿದೆ. ದೊಡ್ಡ ಡಾಕ್ಟರರು ನಕ್ಕರು. "ನಾಳೆ ಮನಿಗೆ ಹೋಗಬಹುದು. ಆದ್ರ ಗಂಟಲಾಗ ಏನೈತಿ ಅನ್ನೂದು ಇನ್ನೂ ಗೊತ್ತಾಗಿಲ್ಲ. ಕಾಯೂದಲ್ಲ ಇದು. ಮುಂದಿನ ಶುಕ್ರವಾರ ಮತ್ತ ಬೇರಿಯಂ, ಸ್ವಲ್ಪ ಸ್ವಲ್ಪ. ಆದ್ರ ಬಾಯಾರ, ಈಕೀಗೆ ಕತ್ತು ಎತ್ತದಂಗ ಹ್ಯಾಂಗ ಕುಡಸ್ತೀರಿ, ಅದು ನಿಮ್ಮ ಕೆಲಸ. ಆಗೂದಿಲ್ಲಂದ್ರ ಹುಬ್ಬಳ್ಳಿಗೆ ಬರೀತೇನಿ." ರೇಣುಕಾ ತಟ್ಟನೆ ತಲೆಯೆತ್ತಿದಳು. "ಹುಬ್ಬಳ್ಳಿಗೆ ಅತ್ತಿ ಬರಂಗಿಲ್ರಿ. ಇಲ್ಲಿಗೆ ಕರಕೊಂಡು ಬರಾಕ ಆರು ತಿಂಗಳಾತು."

ಅಲ್ಲಿಯೇ ಹಸೀನಾ ಮತ್ತು ನಾನು ಪ್ರಯತ್ನ ಶುರುಮಾಡಿದೆವು. ಖಾಲಿ ಕಾಗದದ ಕಪ್ಪು ಕೈಗೆ ಕೊಟ್ಟು, "ಇದು ನಿಮಗಂತನ, ಆಮ್ಯಾಲೆ ಒಗೀತೇವಿ, ಕುಡದಂಗ ಮಾಡ್ರಿ" ಎಂದೆವು. ಗಂಗವ್ವ ಅದನ್ನೂ ಗೇಣೆತ್ತರ ಎತ್ತಿದರು. ತಮಗೇ ನಗು ಬಂತು. ಎಳನೀರು ಹೀರುವಂಥ ಕೊಳವೆ ಕೊಟ್ಟೆವು; ಜೀವನದಲ್ಲಿ ಎಂದೂ ಹೀರಿರದವರು ಅದನ್ನು ಎಲೆಯಡಿಕೆಯಂತೆ ಅಗಿದುಬಿಟ್ಟರು. ಚಮಚೆಯಿಂದ ಹಾಕಿದರೆ ಅನ್ನನಾಳ ತುಂಬುವಷ್ಟು ಗುಟುಕಾಗುವುದಿಲ್ಲ. ಹಸೀನಾ ಗದ್ದ ಹಿಡಿದು ಕೂರುತ್ತೇನೆಂದಳು. "ನನ್ನ ಗದ್ದ ನನ್ನ ಗಂಡನೂ ಹಿಡದಿಲ್ಲ" ಎಂದರು ಗಂಗವ್ವ.

ಮುಂದೆ ಏನಾಯಿತೆಂದು ಹೇಳಿಬಿಡುತ್ತೇನೆ. ನಿಮ್ಮನ್ನು ಕಾಯಿಸುವುದು ನನಗೆ ಹಿತವಲ್ಲ. ಮರುವಾರ ಗಂಗವ್ವ ಕತ್ತು ನೆಟ್ಟಗಿಟ್ಟುಕೊಂಡು, ಗದ್ದ ತುಸು ಕೆಳಗೆ ಮಾಡಿ, ಗುಟುಕು ಗುಟುಕಾಗಿ ಕುಡಿದರು. ಒಂದು ಹನಿಯೂ ದಾರಿ ತಪ್ಪಲಿಲ್ಲ. ನಾನು ಎದುರಿಗೆ ನಿಂತು ಕಣ್ಣು ಪಿಳುಕಿಸದೆ ನೋಡಿದೆ. ಅನ್ನನಾಳದ ಮೇಲ್ತುದಿಯಲ್ಲಿ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಪೊರೆಯೊಂದು ಅಡ್ಡ ನಿಂತಿತ್ತು. ರಕ್ತ ಬಹಳ ಕಡಿಮೆಯಾದ ಹೆಣ್ಣುಮಕ್ಕಳಲ್ಲಿ ಹೀಗೆ ಆಗುತ್ತದಂತೆ. ಎಲ್ಲರೂ ಅಂಜಿದ ರೋಗವಲ್ಲ. ರೇಣುಕಾ ಗೋಡೆಗೆ ಹಣೆ ಹಚ್ಚಿ ಅತ್ತಳು, ಆಮೇಲೆ ಮೂಗು ಒರೆಸಿಕೊಂಡು ಡಾ. ಪ್ರಶಾಂತರಿಗೆ ಕೈಮುಗಿದಳು. ಆ ಪೊರೆ ಬಿಡಿಸಿ ದಾರಿ ಹಿಗ್ಗಿಸಿಕೊಳ್ಳಲು ಗಂಗವ್ವ ಹುಬ್ಬಳ್ಳಿಗೂ ಹೋಗಿ ಬಂದರು, ಕಬ್ಬಿಣದ ಗುಳಿಗೆ ತಿಂದರು. ನಾಲ್ಕು ತಿಂಗಳಿಗೆ ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದು, ನನ್ನೆದುರಿಗೇ ಒಂದು ಪೂರ್ತಿ ತಿಂದು ತೋರಿಸಿದರು.

ಆ ದಿನದಿಂದ ನಮ್ಮ ಕೋಣೆಯ ಪದ್ಧತಿ ಬದಲಾಯಿತು. ಯಾರಿಗೇ ಆಗಲಿ ಮೊದಲು ಒಂದು ಚಮಚೆ ಬರೀ ನೀರು ಕೊಟ್ಟು, ಎದುರಿಗೆ ನಿಂತು ಗಂಟಲು ನೋಡುವುದು. ಕೆಮ್ಮಿದರೆ, ದನಿ ಗಂಟಲಲ್ಲಿ ನೀರು ನಿಂತಂತೆ ಕೇಳಿಸಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರರನ್ನು ಕರೆಯುವುದು. ಪಾರ್ಶ್ವವಾಯು ಆದವರಿಗೆ, ಬಹಳ ವಯಸ್ಸಾದವರಿಗೆ ಎರಡು ಸಲ ಕೇಳುವುದು. ಯಾವ ಬಾಟಲಿ ಎಂದು ಗಟ್ಟಿಯಾಗಿ ಓದಿ, ಇನ್ನೊಬ್ಬರು ಕೇಳಿ ಹೌದೆಂದ ಮೇಲೆಯೇ ಕೊಡುವುದು. ಡಾ. ಪ್ರಶಾಂತರೇ ಇದನ್ನು ಗೋಡೆಗೆ ಬರೆಸಿದರು. ನಂತರದ ವರ್ಷಗಳಲ್ಲಿ ಅಷ್ಟು ನೀರು ಜಗ್ಗದ ಹೊಸ ಬಗೆಯ ಅಯೋಡಿನ್ ಔಷಧಿ ಬಂತು. ಶ್ವಾಸಕ್ಕೆ ಹೋಗುವ ಸಂಶಯವಿದ್ದವರಿಗೆ ಈಗ ಅದನ್ನೇ ಕೊಡುತ್ತಾರೆ. ಫಿಲ್ಮು ತೊಳೆಯುವ ಕತ್ತಲೆ ಕೋಣೆಯ ತೊಟ್ಟಿಗಳು ಹೋದವು, ಕಂಪ್ಯೂಟರ್ ಬಂತು. ಔಷಧಿ ಎಷ್ಟು ಸುಧಾರಿಸಿದರೂ ಅದು ಇಳಿಯುವುದು ಮನುಷ್ಯರ ಗಂಟಲಿನಲ್ಲೇ. ಹೊಸ ಹುಡುಗಿಗೆ ನಾನು ಹೇಳುವುದು ಇಷ್ಟೇ: ಪರದೆ ಆಮೇಲೆ ನೋಡು, ಮೊದಲು ಕುಡಿಯುವವರ ಕೈ ನೋಡು.

ಇನ್ನು ಗಂಗವ್ವ ಮರುವಾರ ಹೇಗೆ ಕುಡಿದರು ಎಂಬುದು. ಅದಕ್ಕೆ ದೊಡ್ಡ ಡಾಕ್ಟರರು ನನ್ನನ್ನೇ ಹೊಗಳಿದರು, ನಾನು ಸುಮ್ಮನಿದ್ದುಬಿಟ್ಟೆ. ಈಗ ನಿಜ ಹೇಳುತ್ತೇನೆ.

ಆ ಶುಕ್ರವಾರ ಸಂಜೆ ಆರರ ಸುಮಾರಿಗೆ ಮನೆ ಸೇರಿದೆ. ಸೀರೆ ಕೂಡ ಬದಲಿಸದೆ ಮುಂದಿನ ಕಟ್ಟೆಯ ಮೇಲೆ ಕುಳಿತೆ. ಪಕ್ಕದ ಮನೆಯ ಶಾರದಕ್ಕ ಮೊರದ ತುಂಬ ಮೆಂತ್ಯಪಲ್ಲೆ ಇಟ್ಟುಕೊಂಡು ಬಂದು ನನ್ನ ಪಕ್ಕ ಕುಳಿತರು. ಶಾರದಕ್ಕ ಆಸ್ಪತ್ರೆಯ ಮೆಟ್ಟಿಲು ಹತ್ತಿದವರಲ್ಲ, ಎಕ್ಸ್‌ರೇ ಎಂದರೆ ಫೋಟೋ ಎನ್ನುವವರು. ನನ್ನ ಕೈಗಳೂ ತಾವಾಗಿಯೇ ಎಲೆ ಬಿಡಿಸತೊಡಗಿದವು. ಏನಾಯಿತೆಂದು ಕೇಳಿದರು, ಹೆಸರು, ಊರು ಬಿಟ್ಟು ಎಲ್ಲ ಹೇಳಿದೆ. ಗ್ಲಾಸು, ಕಾಗದದ ಕಪ್ಪು, ಅಗಿದ ಕೊಳವೆ, ಬೊಗಸೆಗೆ ಹಾಕುತ್ತಿದ್ದ ನೀರು. "ಮುಂದಿನ ಶುಕ್ರವಾರ ಹ್ಯಾಂಗ ಕುಡಸಲಿ ಅಂತ ತಿಳೀವಲ್ದು ಶಾರದಕ್ಕ" ಎಂದೆ.

ಶಾರದಕ್ಕ ತಲೆ ಎತ್ತಲಿಲ್ಲ. ಒಂದು ಹಳದಿ ಎಲೆ ಆರಿಸಿ ಅಂಗಳಕ್ಕೆ ಎಸೆದರು.

"ಅಯ್ಯ, ಅದಕ್ಯಾಕ್ರಿ ಇಷ್ಟು ತಲಿ ಕೆಡಿಸ್ಕೊಂಡೀರಿ? ಬರೂಮುಂದ ಆಕೀ ಮನ್ಯಾಗಿನ ಗಿಲಾಸು ಆಕೀನ ತರ್ಲಿ ಅನ್ರಿ. ತನ್ನ ಗಿಲಾಸಕ್ಕ ತಾ ಬಾಯಿ ಹಚ್ಚಾಕ ಯಾರ ಅಂಜಿಕಿ ಐತಿ? ಅದಿರಲಿ, ನಿಮ್ಮ ಮನ್ಯಾಗ ಒಂದೀಟು ಹೆಪ್ಪು ಐತೇನ್ರಿ? ನಮ್ಮನೀದು ಬೆಕ್ಕು ಕುಡದು ಹೋಗೇತಿ."